ಕುಣಿತದ ಮಸುಕನ್ನು ಅಳಿಸಬೇಡಿ

ನನ್ನ ಹೆಂಡತಿಯ ಅಜ್ಜ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಟ್ರಂಬೋನ್ ನುಡಿಸುತ್ತಿದ್ದರು. ಅವರ ಬಿಗ್ ಬ್ಯಾಂಡ್ (ದೊಡ್ಡ ಜಾಝ್ ವಾದ್ಯತಂಡ) ಫೋಟೊಗಳನ್ನು ಸರಿಪಡಿಸುತ್ತ ಕಲಿತದ್ದಿದು.

ಅಂಚು ಹಿಡಿದು, ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ನೀರು ಬೇಡವೇ ಬೇಡ. ಚೌಕಟ್ಟಿನ ಗಾಜಿಗೆ ಅಂಟಿದ್ದರೆ ಕೀಳದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ: 600 ಡಿಪಿಐ (ಇಂಚಿಗೆ 600 ಚುಕ್ಕೆ), ವಿವರ ಕಳೆಯದ ಟಿಫ್ ಫೈಲ್, ತೀರ ಚಿಕ್ಕ ಚಿತ್ರಕ್ಕೆ 1200. ಹಿಂಬದಿಯನ್ನೂ ಬಿಡಬೇಡಿ. ‘ಸವಾಯ್’ ಎಂಬ ಪೆನ್ಸಿಲ್ ಬರಹ ನಮಗೆ ಸಿಕ್ಕಿದ್ದು ಅಲ್ಲೇ. 1926ರಿಂದ 1958ರವರೆಗೆ ಲೆನಾಕ್ಸ್ ಅವೆನ್ಯೂದಲ್ಲಿದ್ದ, ಕರಿಯರೂ ಬಿಳಿಯರೂ ಒಟ್ಟಿಗೆ ಕುಣಿಯುತ್ತಿದ್ದ ಬಾಲ್‌ರೂಮ್ ಅದು!

ಫೋಟೊ ತಿದ್ದುವ ತಂತ್ರಾಂಶದಲ್ಲಿ, ಮೂಲದ ಮೇಲೆ ಬೇರೊಂದು ಲೇಯರ್ (ಪದರ) ತೆರೆದು, ಪಕ್ಕದ ಭಾಗವನ್ನು ಕ್ಲೋನ್ (ನಕಲು) ಮಾಡಿ ಗೀರುಗಳನ್ನು ಮುಚ್ಚಿ. ಕಪ್ಪು ಭಾಗದ ಮೇಲಿನ ನೀಲಿ ಹೊಳಪು ಫೋಟೊ ಕಾಗದದ ಲೇಪದಲ್ಲಿರುವ ಬೆಳ್ಳಿ ಮೇಲೆದ್ದ ಗುರುತು. ಸ್ಕ್ಯಾನನ್ನು ಕಪ್ಪುಬಿಳುಪಿಗೆ ತಿರುಗಿಸಿ ಆ ಜಾಗವನ್ನಷ್ಟೇ ಗಾಢಗೊಳಿಸಿ. ಹಿತ್ತಾಳೆ ವಾದ್ಯಗಳ ಮೇಲೆ ಫ್ಲ್ಯಾಶ್ ಬಲ್ಬು ಬಿಟ್ಟ ಬಿಳಿ ಚುಕ್ಕೆಗಳು ಕಲೆಯಲ್ಲ, ಮುಟ್ಟಬೇಡಿ.

ಲಿಂಡಿ ಹಾಪ್ ಎಂಬ ವೇಗದ ಜೋಡಿ ನೃತ್ಯ ಕುಣಿಯುವವರ ಕಾಲು, ಹಾರುವ ಲಂಗ ಮಸುಕಾಗಿದ್ದರೆ ಹಾಗೇ ಇರಲಿ. ಆ ವೇಗವೇ ಚಿತ್ರದ ಜೀವ. ಒಮ್ಮೆ ಎಐ ಕೈಗೆ ಕೊಟ್ಟೆ. ಅದು ಮೂರು ವಾಲ್ವ್‌ಗಳ (ಒತ್ತುಗುಂಡಿಗಳ) ಟ್ರಂಪೆಟ್‌ಗೆ ನಾಲ್ಕನೆಯದನ್ನು ಸೇರಿಸಿ, ಅಜ್ಜನಿಗೆ ಯಾರದೋ ಮುಖ ಅಂಟಿಸಿತು. ಅತ್ತೆ ನೋಡಿದವರೇ, “ಇವರು ನಮ್ಮಪ್ಪ ಅಲ್ಲ” ಅಂದರು. ಮೂಲ ಸ್ಕ್ಯಾನ್ ಉಳಿಸಿಕೊಂಡಿದ್ದರಿಂದ ಬಚಾವಾದೆ.