ಆಟಗಾರರದ್ದೆಷ್ಟು, ಆಫೆನ್ಸಿವ್ ಕೋಆರ್ಡಿನೇಟರ್‌ನದ್ದೆಷ್ಟು: ಎರಡು ಕಾಲಮ್ಮುಗಳ ಲೆಕ್ಕದ ನನ್ನ ಅನುಭವ

ಪ್ರತಿಭಾವಂತ ಆಟಗಾರರು ಸಿಕ್ಕರೆ ಯಾರು ಬೇಕಾದರೂ ಒಳ್ಳೆಯ ಆಫೆನ್ಸಿವ್ ಕೋಆರ್ಡಿನೇಟರ್ (ತಂಡದ ಆಫೆನ್ಸನ್ನು, ಅಂದರೆ ದಾಳಿಯ ಆಟವನ್ನು, ಯೋಜಿಸಿ ನಡೆಸುವ ಕೋಚ್) ಎನಿಸಿಕೊಳ್ಳಬಹುದು ಎಂಬ ಮಾತನ್ನು ಡಲ್ಲಾಸ್ ಸುತ್ತಲಿನ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ಮೈದಾನಗಳಲ್ಲಿ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಆ ಮಾತು ಬಹುಮಟ್ಟಿಗೆ ನಿಜ. ಆದರೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ತಮ್ಮದೇ ತಂಡದ ಪಂದ್ಯಗಳ ಫಿಲ್ಮ್ ಇಟ್ಟುಕೊಂಡು ಅಳೆದು ನೋಡಿದವರು ನನಗೆ ಹೆಚ್ಚು ಸಿಕ್ಕಿಲ್ಲ. ನಾನು ಅಳೆದೆ. ಅಳೆದದ್ದರಿಂದಲೇ ನಮ್ಮ ಆಫೆನ್ಸ್ ಬದಲಾಯಿತು, ಬದಲಾದ ಆಫೆನ್ಸ್ ಆಗದೆಂದವರ ಕಣ್ಣೆದುರಿಗೇ ಗೆದ್ದಿತು. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್. ಸಂಜೆ ಮತ್ತು ವಾರಾಂತ್ಯ ಒಂದು ಸಣ್ಣ ಖಾಸಗಿ ಶಾಲೆಯ ಫುಟ್‌ಬಾಲ್ ತಂಡದ್ದು. ಇಲ್ಲಿ ಮಕ್ಕಳ ತಂಡಗಳಿಗೆ ಸಹಾಯಕ ಕೋಚ್ ಆಗಿ ದುಡಿಯುತ್ತಿರುವ ಕನ್ನಡಿಗರು ಹಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ; ಆದ್ದರಿಂದ ಆಟದ ನಿಯಮಗಳನ್ನಾಗಲಿ ಹಡಲ್ ಎಂಬ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ಫಿಲ್ಮ್ ಕತ್ತರಿಸುವುದನ್ನಾಗಲಿ ವಿವರಿಸಲು ಹೋಗುವುದಿಲ್ಲ.

ಆಟಗಾರರೇ ಸರ್ವಸ್ವ ಎನ್ನುವವರು ಮೊದಲು ಎತ್ತುವ ಹೆಸರು ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನಲ್ಲಿ ಕೋಆರ್ಡಿನೇಟರ್ ಆಗಿ ಹೆಸರಾದ ಜಾಶ್ ಮೆಕ್‌ಡೇನಿಯಲ್ಸ್ ಅವರದ್ದು. ಬ್ರೇಡಿ, ಮಾಸ್, ವೆಲ್ಕರ್ ಎಂಬ ಮೂವರು ತಾರಾ ಆಟಗಾರರೂ ಇದ್ದ 2007ರ ಪೇಟ್ರಿಯಟ್ಸ್ ತಂಡ ಅವರ ಕೈಯಲ್ಲಿ 589 ಅಂಕ ಗಳಿಸಿತು. 2011ರಲ್ಲಿ ಅದೇ ಮನುಷ್ಯ ಸೇಂಟ್ ಲೂಯಿಸ್ ರ‍್ಯಾಮ್ಸ್‌ಗೆ ಕೋಆರ್ಡಿನೇಟರ್ ಆದಾಗ ಇಡೀ ಋತುವಿಗೆ ಬಂದದ್ದು 193 ಅಂಕ, ಅಂದರೆ ಲೀಗಿನಲ್ಲೇ ಕನಿಷ್ಠ. ಮರುವರ್ಷ ಬ್ರೇಡಿಯ ಬಳಿಗೆ ಮರಳಿದ ಕೂಡಲೇ 557. ಈ ಮೂರು ಸಂಖ್ಯೆಗಳನ್ನು ಮುಂದಿಟ್ಟರೆ ವಾದ ಮುಗಿದಂತೆಯೇ ಕಾಣುತ್ತದೆ. ಆದರೆ ನಾನು ಇನ್ನೆರಡು ಸಂಖ್ಯೆಗಳನ್ನು ಪಕ್ಕದಲ್ಲಿಡುತ್ತೇನೆ. ಕೈಲ್ ಶಾನಹಾನ್ ಕೋಆರ್ಡಿನೇಟರ್ ಆಗಿದ್ದ 2016ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ 540 ಅಂಕ ಗಳಿಸಿತು. ಅವರು ಹೋದ ಮರುವರ್ಷ, ತಂಡದ ಮುಖ್ಯ ಆಟಗಾರರಾದ ಮ್ಯಾಟ್ ರಯನ್ ಮತ್ತು ಹೂಲಿಯೋ ಜೋನ್ಸ್ ಇಬ್ಬರೂ ಅಲ್ಲೇ ಇದ್ದರೂ, ಅದು 353ಕ್ಕೆ ಇಳಿಯಿತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹೆಸರಾಂತ ಕೋಚ್ ಬಿಲ್ ವಾಲ್ಶ್ ಸಿನ್ಸಿನಾಟಿ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದಾಗಿನ ಕೆಲಸ. ಗ್ರೆಗ್ ಕುಕ್ ಎಂಬ, ಬಹುದೂರ ಎಸೆಯಬಲ್ಲ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) 1969ರಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡಾಗ ವಾಲ್ಶ್ ಕೈಗೆ ಸಿಕ್ಕಿದ್ದು ದೂರಕ್ಕೆ ಎಸೆಯಲಾರದ, ಆದರೆ ಬುದ್ಧಿವಂತನಾದ ವರ್ಜಿಲ್ ಕಾರ್ಟರ್. ಅವನಿಗೆ ದೂರ ಎಸೆಯುವುದನ್ನು ಕಲಿಸಲು ಕೂರದೆ, ದೂರ ಎಸೆಯುವ ಅಗತ್ಯವೇ ಬಾರದಂತಹ ಗಿಡ್ಡ ಪಾಸುಗಳ ಆಫೆನ್ಸ್ ಒಂದನ್ನು ವಾಲ್ಶ್ ಕಟ್ಟಿದರು. 1970ರಲ್ಲಿ ಆ ತಂಡ ತನ್ನ ವಿಭಾಗ ಗೆದ್ದಿತು, 1971ರಲ್ಲಿ ಕಾರ್ಟರ್ ಪಾಸ್ ಪೂರ್ಣಗೊಳಿಸಿದ ಶೇಕಡಾವಾರಿನಲ್ಲಿ ಲೀಗಿಗೇ ಮೊದಲಿಗನಾದ. ಪ್ರತಿಭೆ ಇಲ್ಲದ ಕಡೆ ಕೋಆರ್ಡಿನೇಟರ್ ಅದನ್ನು ಹುಟ್ಟಿಸಲಾರ, ಆದರೆ ಯಾವ ಪ್ರತಿಭೆ ಇಲ್ಲದೆಯೂ ನಡೆಯುತ್ತದೆ ಎಂದು ತೀರ್ಮಾನಿಸಬಲ್ಲ. ನನ್ನ ಲೆಕ್ಕ ಹುಟ್ಟಿದ್ದು ಇಲ್ಲಿಂದ.

ನಮ್ಮ ಶಾಲೆಯಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಸೇರಿಸಿದರೂ ಇಪ್ಪತ್ತೈದು ಹುಡುಗರು ದಾಟುವುದಿಲ್ಲ, ಅವರಲ್ಲಿ ಅರ್ಧಕ್ಕರ್ಧ ಡಿಫೆನ್ಸಿನಲ್ಲೂ ಆಡಬೇಕು. ನಾನು ಸೇರಿದಾಗ ಅಲ್ಲಿದ್ದದ್ದು ಎಲ್ಲರೂ ಆಡುವ ಸ್ಪ್ರೆಡ್ ಆಫೆನ್ಸ್, ಅಂದರೆ ಆಟಗಾರರನ್ನು ಮೈದಾನದ ಅಗಲಕ್ಕೆ ಹರಡಿ ನಿಲ್ಲಿಸುವ ಪದ್ಧತಿ. ಎರಡು ವರ್ಷ ಅದನ್ನೇ ನಡೆಸಿದೆವು. ಪಂದ್ಯಕ್ಕೆ ಸರಾಸರಿ 13-14 ಅಂಕ, ವರ್ಷಕ್ಕೆ ಎರಡೋ ಮೂರೋ ಗೆಲುವು. ಹಣವಂತೂ ನೀರಿನಂತೆ ಹೋಯಿತು. ಬೂಸ್ಟರ್ ಕ್ಲಬ್‌ನವರು (ತಂಡಕ್ಕೆ ಹಣ ಕೂಡಿಸುವ ಬೆಂಬಲಿಗರು) ಚೆಂಡು ಎಸೆಯುವ ಯಂತ್ರಕ್ಕೆ ಸುಮಾರು 2,800 ಡಾಲರ್ ಕೊಟ್ಟರು. ಬೇಸಿಗೆಯ ಸೆವೆನ್-ಆನ್-ಸೆವೆನ್ (ಏಳೇಳು ಜನರು ಪಾಸುಗಳನ್ನಷ್ಟೇ ಆಡುವ) ಪಂದ್ಯಾವಳಿಗಳ ಪ್ರವೇಶ ಶುಲ್ಕ ಮತ್ತು ಪ್ರಯಾಣಕ್ಕೆ ಹತ್ತಿರ ಹತ್ತಿರ 2,000. ಕ್ವಾರ್ಟರ್‌ಬ್ಯಾಕ್ ಹುಡುಗನ ತಂದೆ ಖಾಸಗಿ ತರಬೇತಿಗೆ ಗಂಟೆಗೆ 90 ಡಾಲರ್ ಸುರಿಯುತ್ತಿದ್ದರು. ಇಷ್ಟಾದರೂ ಶುಕ್ರವಾರ ರಾತ್ರಿ ನಮ್ಮ ಎಡ ಟ್ಯಾಕಲ್ (ಮುಂದಿನ ಸಾಲಿನ ಎಡಗಡೆಯ ತಡೆಗಾರ) ಎದುರಿನವನನ್ನು ಒಂದೂವರೆ ಸೆಕೆಂಡ್ ತಡೆಯಲಾರ, ಚೆಂಡು ಎಸೆಯುವ ಹುಡುಗನಿಗೆ ಎಸೆಯಲು ಸಮಯವೇ ಇಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಕೂತು ಎರಡೂ ಋತುಗಳ ಫಿಲ್ಮನ್ನು ಸ್ನ್ಯಾಪ್ ಸ್ನ್ಯಾಪಾಗಿ (ಚೆಂಡು ಆಟಕ್ಕೆ ಬಂದ ಒಂದೊಂದು ಸಲವನ್ನೂ ಬಿಡಿಯಾಗಿ) ನೋಡಿ ಎರಡು ಕಾಲಮ್ಮುಗಳಲ್ಲಿ ಬರೆದೆ. ಮೊದಲನೆಯದು 'ಪ್ಲೇ ಕೊಟ್ಟದ್ದು': ಚೆಂಡು ಹೋದ ಜಾಗದಲ್ಲಿ ನಾವು ಕರೆದ ಪ್ಲೇ (ಮೊದಲೇ ಗೊತ್ತುಮಾಡಿದ ನಡೆ) ನಮ್ಮ ಹುಡುಗರಿಗೆ ಒಬ್ಬ ಹೆಚ್ಚಿನ ಆಳನ್ನೋ ಒಳ್ಳೆಯ ಕೋನವನ್ನೋ ಕೊಟ್ಟಿತೇ, ಇಲ್ಲವೇ. ಎರಡನೆಯದು 'ಹುಡುಗ ಗಳಿಸಿದ್ದು': ಆ ಜಾಗದ ನಮ್ಮ ಹುಡುಗ ತನ್ನ ಎದುರಾಳಿಯನ್ನು ಗೆದ್ದನೇ, ಸೋತನೇ. ಯಾರ್ಡುಗಳನ್ನು ಬೇಕೆಂದೇ ಕೊನೆಯಲ್ಲಿ ಬರೆಯುತ್ತಿದ್ದೆ, ಏಕೆಂದರೆ ಅವು ಮೊದಲೇ ಕಣ್ಣಿಗೆ ಬಿದ್ದರೆ ಇಪ್ಪತ್ತು ಯಾರ್ಡ್ ಓಡಿದ ಪ್ಲೇ ಎಲ್ಲವೂ ಒಳ್ಳೆಯ ಪ್ಲೇ ಎಂದೇ ತೋರುತ್ತದೆ. ಒಂದು ಪಂದ್ಯಕ್ಕೆ ಮೊದಮೊದಲು ಐದಾರು ಗಂಟೆ ಹಿಡಿಯುತ್ತಿತ್ತು, ಈಗ ಒಂದೂವರೆ ಗಂಟೆ ಸಾಕು. ಆ ವೇಗ ಹೇಗೆ ಬಂತು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಲೆಕ್ಕ ಮುಗಿದಾಗ ಎರಡು ಸಂಗತಿಗಳು ಎದ್ದು ಕಂಡವು. ನಮ್ಮ ದೊಡ್ಡ ಗಳಿಕೆಗಳಲ್ಲಿ ಮುಕ್ಕಾಲು ಪಾಲು ಪ್ಲೇ ಏನನ್ನೂ ಕೊಡದ ಕಡೆ ಒಬ್ಬನೇ ರಿಸೀವರ್ (ಪಾಸ್ ಹಿಡಿಯುವ) ಹುಡುಗ ತನ್ನ ಕಾಲ್ಬಲದಿಂದ ತಂದವು. ಅಂದರೆ ಆ ಎರಡು ವರ್ಷ ತಂಡದ ಆಫೆನ್ಸ್ ಎನಿಸಿಕೊಂಡದ್ದು ವಾಸ್ತವದಲ್ಲಿ ಅವನೊಬ್ಬನ ಪ್ರತಿಭೆ. ಇನ್ನೊಂದು ಸಂಗತಿ ಲೈನಿನವರದ್ದು, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವರದ್ದು. ಎದುರಾಳಿಯನ್ನು ನೇರ ಎದೆಗೆ ಎದೆ ಕೊಟ್ಟು ತಡೆಯಬೇಕಾದಾಗ ನಮ್ಮ ಹುಡುಗರು ಮೂರರಲ್ಲಿ ಒಂದು ಸಲ ಗೆದ್ದರೆ, ಪಕ್ಕದ ಗ್ಯಾಪ್‌ನಲ್ಲಿರುವವನನ್ನು ಓರೆಯಿಂದ ಹೊಡೆಯುವ ಡೌನ್ ಬ್ಲಾಕ್‌ನಲ್ಲಿ ಅದೇ ಹುಡುಗರು ಮೂರರಲ್ಲಿ ಎರಡು ಸಲ ಗೆಲ್ಲುತ್ತಿದ್ದರು. ಹುಡುಗ ಅದೇ, ತೂಕ ಅದೇ, ಎದುರಾಳಿಯೂ ಅದೇ. ಕೋನ ಮಾತ್ರ ಬೇರೆ. ದಾವಣಗೆರೆಯಲ್ಲಿ ಕಾಲೇಜಿನ ಪರವಾಗಿ ಕಬಡ್ಡಿ ಆಡುತ್ತಿದ್ದಾಗ ಸಣಕಲು ಕವರ್ ಹುಡುಗನೊಬ್ಬ ಪಕ್ಕದಿಂದ ನುಗ್ಗಿ ದಾಂಡಿಗ ರೇಡರ್‌ನನ್ನು ಗೆರೆಯಾಚೆ ತಳ್ಳುವುದನ್ನು ದಿನವೂ ಕಂಡಿದ್ದ ನನಗೆ ಈ ಅಂಕಿ ಆಶ್ಚರ್ಯ ತರಲಿಲ್ಲ, ಧೈರ್ಯ ತಂದಿತು.

ಹಾಗಾಗಿ ನಾನು ಕೇಳಿದ್ದು ವಿಂಗ್-ಟಿ. ಡೇವ್ ನೆಲ್ಸನ್ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ, ಅವರ ನಂತರ ಟಬ್ಬಿ ರೇಮಂಡ್ 1966ರಿಂದ 2001ರವರೆಗೆ ಅಲ್ಲೇ ನಡೆಸಿ 300 ಪಂದ್ಯ ಗೆದ್ದ ಹಳೆಯ ಆಫೆನ್ಸ್ ಅದು. ಡೌನ್ ಬ್ಲಾಕ್, ಟ್ರ್ಯಾಪ್ (ಎದುರಾಳಿಯನ್ನು ಒಳಗೆ ಬರಲು ಬಿಟ್ಟು ಪಕ್ಕದಿಂದ ಹೊಡೆಯುವುದು), ಪುಲ್ ಮಾಡುವ (ತಮ್ಮ ಜಾಗ ಬಿಟ್ಟು ಓಡಿ ಬೇರೆ ಕಡೆ ತಡೆಯುವ) ಗಾರ್ಡ್‌ಗಳೆಂಬ ಲೈನಿನವರು, ಇವೇ ಅದರ ಜೀವಾಳ. ನೇರ ಬ್ಲಾಕ್ ಬೇಡುವ ಪ್ಲೇಗಳು ಕಡಿಮೆ. ಮುಖ್ಯ ಕೋಚ್ ಇದು ಅಜ್ಜನ ಕಾಲದ್ದೆಂದರು, ಡಿಫೆನ್ಸಿವ್ ಕೋಆರ್ಡಿನೇಟರ್ ಎರಡು ವಾರದಲ್ಲಿ ಎದುರಾಳಿಗಳೆಲ್ಲರೂ ಇದನ್ನು ಓದಿಬಿಡುತ್ತಾರೆಂದರು. ಎಲ್ಲಕ್ಕಿಂತ ಗಟ್ಟಿಯಾದ ವಿರೋಧ ಪೋಷಕರದ್ದು. "ನನ್ನ ಮಗನಿಗೆ ಚೆಂಡೇ ಬರದಿದ್ದರೆ ಕಾಲೇಜಿನವರು ನೋಡುವುದೇನನ್ನು ಕೋಚ್?" ಎಂದು ರಿಸೀವರ್ ಹುಡುಗನ ತಂದೆ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಆ ಹುಡುಗನನ್ನು ವಿಂಗ್‌ಬ್ಯಾಕ್ (ಲೈನಿನ ತುದಿಯ ಹಿಂದೆ ನಿಲ್ಲುವ ಆಟಗಾರ) ಮಾಡಿ, ಚೆಂಡನ್ನು ಅವನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟೆ. ಕಡೆಗೆ ಮುಖ್ಯ ಕೋಚ್ ಒಂದು ವರ್ಷದ ಅವಕಾಶ ಕೊಟ್ಟರು.

ಮೊದಲ ಮೂರು ಪಂದ್ಯ ಸೋತೆವು. ಟೀಕೆ ಜೋರಾಯಿತು, ಆದರೆ ನನ್ನ ಹಾಳೆ ಬೇರೆಯದನ್ನೇ ಹೇಳುತ್ತಿತ್ತು: ಮೊದಲ ಕಾಲಮ್ಮಿನಲ್ಲಿ ಶೇಕಡಾ 40ರ ಆಸುಪಾಸಿನಲ್ಲಿದ್ದ ಅನುಕೂಲ ಆಗಲೇ 60 ಮುಟ್ಟಿತ್ತು, ಸೋಲು ಬಂದದ್ದು ಚೆಂಡು ಕೈತಪ್ಪಿದ್ದರಿಂದ ಮತ್ತು ಗಾರ್ಡ್‌ಗಳು ಪುಲ್ ಮಾಡುವಾಗ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದದ್ದರಿಂದ. ಪ್ಲೇಗಳ ಪಟ್ಟಿಯನ್ನು ಇಪ್ಪತ್ತರಿಂದ ಎಂಟಕ್ಕೆ ಇಳಿಸಿ, ಅಭ್ಯಾಸದ ಅರ್ಧ ಹೊತ್ತನ್ನು ಬಕ್ ಸ್ವೀಪ್, ಟ್ರ್ಯಾಪ್, ವಾಗಲ್ ಎಂಬ ಮೂರು ಪ್ಲೇಗಳಿಗೇ ಮೀಸಲಿಟ್ಟೆ. ಉಳಿದ ಪಂದ್ಯಗಳಲ್ಲಿ ಒಂದನ್ನು ಬಿಟ್ಟು ಎಲ್ಲವನ್ನೂ ಗೆದ್ದೆವು. ಸರಾಸರಿ 30 ಅಂಕದ ಹತ್ತಿರ ಬಂತು, ಓಟವೊಂದಕ್ಕೆ ಮೂರು ಯಾರ್ಡ್ ಇದ್ದದ್ದು ಐದೂವರೆಯಾಯಿತು. ಟ್ರ್ಯಾಪ್ ಪ್ಲೇಯಲ್ಲಿ ಗಾರ್ಡ್‌ನ ಚಲನೆಯನ್ನು ಓದುವ ಎದುರಾಳಿ ಲೈನ್‌ಬ್ಯಾಕರ್‌ನನ್ನು (ಲೈನಿನ ಹಿಂದೆ ನಿಲ್ಲುವ ಡಿಫೆನ್ಸ್ ಆಟಗಾರನನ್ನು) ದಾರಿ ತಪ್ಪಿಸಲು ನಾವು ಮಾಡಿದ ಒಂದು ಬದಲಾವಣೆಯ ಪಾತ್ರ ಇದರಲ್ಲಿ ದೊಡ್ಡದು. ನಮ್ಮ ಎದುರಾಳಿ ಶಾಲೆಗಳಲ್ಲೂ ಕನ್ನಡ ಓದಬಲ್ಲ ಪೋಷಕರಿರುವುದರಿಂದ ಅದನ್ನು ಇಲ್ಲಿ ಬರೆಯಲಾರೆ.

ಖರ್ಚಿನ ಮಾತಿಗೆ ಬಂದರೆ, ಆ ವರ್ಷ ಹೊಸದಾಗಿ ಕೊಂಡದ್ದು ಬ್ಲಾಕಿಂಗ್ ಶೀಲ್ಡ್‌ಗಳು ಮತ್ತು ಮಣಿಕಟ್ಟಿನ ಪ್ಲೇ ಕಾರ್ಡ್‌ಗಳು, ಒಟ್ಟು 700 ಡಾಲರ್ ಒಳಗೆ. ಕೋನ ಅಳೆಯಲು ಗೋಲಿನ ಹಿಂದಿನಿಂದ ತೆಗೆದ ಫಿಲ್ಮ್ ಬೇಕೇ ಬೇಕು, ಸೈಡ್‌ಲೈನ್ ಫಿಲ್ಮಿನಲ್ಲಿ ಲೈನಿನವರ ಭುಜ ಕಾಣುವುದಿಲ್ಲ. ಅದಕ್ಕೆಂದೇ ಮಾರುವ ಎತ್ತರದ ಮಾಸ್ಟ್ ಕ್ಯಾಮೆರಾಕ್ಕೆ ಕೆಲವು ಸಾವಿರ ಡಾಲರ್ ಕೇಳಿದರು. ನಾನು ಬಣ್ಣ ಬಳಿಯುವವರ ಉದ್ದನೆಯ ಕೋಲಿಗೆ ಹಳೆಯ ಫೋನು ಕಟ್ಟಿ 150 ಡಾಲರಿನಲ್ಲಿ ಕೆಲಸ ಮುಗಿಸಿದೆ. ಲೆಕ್ಕವನ್ನು ಕಂಪ್ಯೂಟರಿನಿಂದಲೇ ಮಾಡಿಸೋಣವೆಂದು ಫಿಲ್ಮಿನಲ್ಲಿ ಆಟಗಾರರನ್ನು ಗುರುತಿಸುವ ಪ್ರೋಗ್ರಾಮ್ ಬರೆದು ಒಂದು ತಿಂಗಳು ಓಡಿಸಿದ್ದೂ ಉಂಟು. ಕ್ಲೌಡ್ ಬಿಲ್ 400 ಡಾಲರ್ ಬಂತು. ಟೆಕ್ಸಾಸ್ ಗಾಳಿಗೆ ಕೋಲು ಅಲ್ಲಾಡಿ ಚಿತ್ರ ಕದಡುತ್ತಿದ್ದುದರಿಂದ ಫಲಿತಾಂಶ ನಂಬುವಂತಿರಲಿಲ್ಲ. ಈಗಲೂ ಕಣ್ಣಿನಿಂದಲೇ ನೋಡಿ ಬರೆಯುತ್ತೇನೆ.

ನಡುವೆ ಇನ್ನೆರಡು ಪ್ರಯೋಗಗಳಾದವು. ಸೈಡ್‌ಲೈನ್‌ನಿಂದ ಪ್ಲೇ ಕೂಗುವಾಗ ಸಂಖ್ಯೆಗಳನ್ನು ಕನ್ನಡದಲ್ಲಿ ಹೇಳತೊಡಗಿದೆ. ಹುಡುಗರು ಒಂದರಿಂದ ಎಂಟರವರೆಗೆ ಎರಡೇ ಅಭ್ಯಾಸಗಳಲ್ಲಿ ಕಲಿತರು, ಎದುರು ಪಾಳಯ ನಮ್ಮ ಸಂಕೇತ ಕದಿಯುವ ಚಿಂತೆ ತಪ್ಪಿತು, ನಮ್ಮ ವೇಗವೂ ಹೆಚ್ಚಿತು. ಎರಡನೆಯದು ಪಂಟ್ ಮಾಡದಿರುವುದು, ಅಂದರೆ ನಾಲ್ಕನೆಯ ಡೌನ್‌ನಲ್ಲಿ (ಕೊನೆಯ ಯತ್ನದಲ್ಲಿ) ಚೆಂಡನ್ನು ಎದುರಾಳಿಯ ಕಡೆ ಒದ್ದು ಬಿಟ್ಟುಕೊಡದಿರುವುದು. ಲಿಟಲ್ ರಾಕ್‌ನ ಪುಲಾಸ್ಕಿ ಅಕಾಡೆಮಿ ಎಂಬ ಶಾಲೆಯಲ್ಲಿ ಕೋಚ್ ಕೆವಿನ್ ಕೆಲ್ಲಿ ಪಂಟನ್ನೇ ಕೈಬಿಟ್ಟು ರಾಜ್ಯ ಪ್ರಶಸ್ತಿಗಳ ಸಾಲನ್ನೇ ಗೆದ್ದದ್ದು ನಮಗೆಲ್ಲ ಗೊತ್ತಿರುವುದೇ. ನಮ್ಮ 40 ಯಾರ್ಡ್ ಗೆರೆ ದಾಟಿದ ಮೇಲೆ ನಾಲ್ಕನೆಯ ಡೌನ್‌ನಲ್ಲೂ ಆಡುವುದೆಂದು ನಾವು ನಿಯಮ ಮಾಡಿಕೊಂಡೆವು, ಹೊಸ ಡೌನ್‌ಗಳಿಗೆ ಬೇಕಾದ ದೂರ ಮೂರು ಯಾರ್ಡ್ ಒಳಗಿದ್ದಾಗ ಅದು ಚೆನ್ನಾಗಿ ಫಲಿಸಿತು, ಏಳೆಂಟು ಯಾರ್ಡ್ ಉಳಿದಾಗ ಫಲಿಸಲಿಲ್ಲ. ಅದೇ ಕೆಲ್ಲಿ 2021ರಲ್ಲಿ ಪ್ರೆಸ್ಬಿಟೇರಿಯನ್ ಕಾಲೇಜಿಗೆ ಹೋಗಿ ಅದೇ ಪದ್ಧತಿಯಲ್ಲಿ ಎರಡು ಗೆದ್ದು ಒಂಬತ್ತು ಸೋತರೆಂಬುದನ್ನು ನಾನು ಮರೆತಿಲ್ಲ. ಎದುರಾಳಿಗಳ ಮಟ್ಟ ಏರಿದಾಗ ಪದ್ಧತಿಯೊಂದೇ ಸಾಲುವುದಿಲ್ಲ.

ಇದನ್ನು ನನ್ನದೇ ಹಾಳೆಯಲ್ಲಿ ಕಾಣುವ ಅವಕಾಶ ಮರುವರ್ಷ ಬಂತು. ಬೇರೆ ಊರಿನಿಂದ ಹಾಫ್‌ಬ್ಯಾಕ್ (ಚೆಂಡು ಹಿಡಿದು ಓಡುವ) ಹುಡುಗನೊಬ್ಬ ನಮ್ಮ ಶಾಲೆ ಸೇರಿದ. ಅಂಥ ಕಾಲುಗಳನ್ನು ನಾನು ಆ ಮೊದಲು ಹತ್ತಿರದಿಂದ ಕಂಡಿರಲಿಲ್ಲ. ಪ್ಲೇಗಳು ಅವೇ ಎಂಟು, ಮೊದಲ ಕಾಲಮ್ಮಿನ ಅಂಕಿ ಅದೇ 60ರ ಆಸುಪಾಸು, ಆದರೆ ಸರಾಸರಿ 42 ಅಂಕಕ್ಕೆ ಜಿಗಿಯಿತು. ಅವನು ಶಾಲೆ ಮುಗಿಸಿ ಹೋದ ಮೇಲೆ ಮತ್ತೆ 29ಕ್ಕೆ ಬಂದು ನಿಂತಿತು. ಹಾಳೆಯನ್ನು ಇನ್ನಷ್ಟು ಬಿಡಿಸಿ ನೋಡಿದಾಗ ಕಂಡದ್ದು ಒಟ್ಟು ಅಂಕಕ್ಕಿಂತ ಮುಖ್ಯವಾದುದು. ಪ್ಲೇ ಅನುಕೂಲ ಕೊಟ್ಟ ಕಡೆ ಅವನಿಗೂ ಉಳಿದ ಹುಡುಗರಿಗೂ ಇದ್ದ ಅಂತರ ಓಟಕ್ಕೆ ಎರಡು ಯಾರ್ಡ್ ಮಾತ್ರ. ಪ್ಲೇ ಏನೂ ಕೊಡದ ಕಡೆ ಉಳಿದವರು ಒಂದು ಯಾರ್ಡ್ ತಂದರೆ ಅವನು ಆರು ತರುತ್ತಿದ್ದ. ದುರ್ಬಲ ತಂಡಗಳ ಎದುರು ಇದರಿಂದ ಗೆಲುವಿನ ಅಂತರ ಹಿಗ್ಗಿತು, ಅಷ್ಟೇ. ಸರಿಸಮಾನ ತಂಡಗಳ ಎದುರು ಗೆಲುವನ್ನೇ ಇದು ನಿರ್ಧರಿಸಿತು. ಆದ್ದರಿಂದ ಯಾರಾದರೂ ಶೇಕಡಾವಾರು ಕೇಳಿದರೆ ನಾನು ಒಂದೇ ಸಂಖ್ಯೆ ಹೇಳುವುದಿಲ್ಲ: 14ರಿಂದ 30ಕ್ಕೆ ಏರಿದ್ದು ಕೋಆರ್ಡಿನೇಟರ್‌ನ ಕೆಲಸ, 30ರಿಂದ 42ಕ್ಕೆ ಏರಿದ್ದು ಆ ಹುಡುಗನ ಕೆಲಸ, ಮತ್ತು ಈ ಎರಡನೆಯ ಏರಿಕೆಗೆ ಬದಲಿಯಾಗಿ ನಿಲ್ಲುವ ಪ್ಲೇ ನನ್ನ ಬಳಿ ಇಲ್ಲ.

ಕಳೆದ ಋತುವಿನ ಪ್ಲೇಆಫ್‌ನಲ್ಲಿ ನಮ್ಮನ್ನು ಸೋಲಿಸಿದ ತಂಡದ ಇಬ್ಬರು ಡಿಫೆನ್ಸಿವ್ ಲೈನ್‌ಮನ್‌ಗಳಿಗೆ ಆಗಲೇ ಕಾಲೇಜು ವಿದ್ಯಾರ್ಥಿವೇತನ ಸಿಕ್ಕಿತ್ತು. ಆ ಪಂದ್ಯದಲ್ಲೂ ಅರ್ಧಕ್ಕಿಂತ ಹೆಚ್ಚು ಸ್ನ್ಯಾಪುಗಳಲ್ಲಿ ನಮಗೆ ಕೋನ ಸಿಕ್ಕಿತ್ತು, ಆದರೆ ಆ ಇಬ್ಬರು ಓರೆಯ ಹೊಡೆತವನ್ನೂ ನುಂಗಿಕೊಂಡು ನಿಂತರು. ಅಂಥವರಿಗಾಗಿ ಈ ವಸಂತದಿಂದ ಡೌನ್ ಬ್ಲಾಕ್ ಬದಲು ಇಬ್ಬರು ಸೇರಿ ತಳ್ಳುವ ಡಬಲ್ ಟೀಮನ್ನು ಅಭ್ಯಾಸ ಮಾಡಿಸುತ್ತಿದ್ದೇನೆ. ಎರಡು ವಾರದಲ್ಲಿ ಎಲ್ಲರೂ ಓದಿಬಿಡುತ್ತಾರೆ ಎಂದಿದ್ದ ಡಿಫೆನ್ಸಿವ್ ಕೋಆರ್ಡಿನೇಟರ್ ಈಗ ಹಾಳೆಯ ಪ್ರತಿ ಕೇಳಿದ್ದಾರೆ, ಆಗಸ್ಟ್‌ನಿಂದ ಅವರ ಕಡೆಯ ಲೆಕ್ಕವನ್ನೂ ಬರೆಯಲಿದ್ದೇವೆ. ಡಿಫೆನ್ಸ್ ಎದುರಾಳಿಯ ನಡೆಗೆ ಉತ್ತರ ಕೊಡುವ ಕೆಲಸವಾದ್ದರಿಂದ ಅಲ್ಲಿ ಮೊದಲ ಕಾಲಮ್ಮನ್ನು ತುಂಬುವುದು ಕಷ್ಟ. ಸ್ನ್ಯಾಪ್ ಆದ ಮೇಲಿನ ಮೊದಲ ಹೆಜ್ಜೆಯನ್ನಷ್ಟೇ ಎಣಿಸಿದರೆ ಸಾಕಾಗಬಹುದೆಂದು ನನ್ನ ಅಂದಾಜು, ಮೊದಲ ನಾಲ್ಕೈದು ಪಂದ್ಯಗಳ ಫಿಲ್ಮ್ ಕೈಗೆ ಬಂದ ಮೇಲೆ ಅದನ್ನು ಪರೀಕ್ಷಿಸುತ್ತೇನೆ.