ಆಸ್ಟ್ರೇಲಿಯಾದ ಬಿಸಿಲು: ಮಕ್ಕಳಿರುವ ಕನ್ನಡಿಗರಿಗೆ, ಓದಲು ಬಂದವರಿಗೆ

ಇಲ್ಲಿನ ಪ್ರೈಮರಿ ಶಾಲೆಗೆ ಮಗುವನ್ನು ಸೇರಿಸಿದರೆ ಮೊದಲ ವಾರವೇ ಕಿವಿಗೆ ಬೀಳುವ ಮಾತು ‘ನೋ ಹ್ಯಾಟ್, ನೋ ಪ್ಲೇ’. ಟೋಪಿ ಮರೆತರೆ ಬಿಡುವಿನಲ್ಲಿ ನೆರಳಲ್ಲೇ ಇರಬೇಕು. ಕ್ರಿಕೆಟ್ ಕ್ಯಾಪ್ ಸಾಲದು, ಕಿವಿ, ಕತ್ತಿಗೂ ನೆರಳು ಬೀಳುವ ಅಗಲ ಅಂಚಿನದೇ ಬೇಕು. ಅತಿಯಾಯಿತು ಅನ್ನಿಸಬಹುದು. ಆದರೆ ಈ ದೇಶದ ಮೂವರಲ್ಲಿ ಇಬ್ಬರಿಗಾದರೂ ಜೀವಮಾನದಲ್ಲಿ ಯಾವುದಾದರೊಂದು ಚರ್ಮದ ಕ್ಯಾನ್ಸರ್ ಬರುತ್ತದೆ ಎನ್ನುತ್ತದೆ ಕ್ಯಾನ್ಸರ್ ಕೌನ್ಸಿಲ್. ಅಂಗಿ ತೊಡಿ, ಸನ್‌ಸ್ಕ್ರೀನ್ ಬಳಿದುಕೊಳ್ಳಿ, ಟೋಪಿ ಹಾಕಿ ಎಂದು 1981ರಿಂದಲೇ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಜಾಹೀರಾತು ಹೇಳುತ್ತ ಬಂದಿದೆ.

ಹೈಸ್ಕೂಲಿಗೆ ಬಂದರೆ ಟೋಪಿ ಬ್ಯಾಗಿನೊಳಗೇ ಉಳಿಯುತ್ತದೆ. ದುಡ್ಡು ಕೊಟ್ಟು ಟ್ಯಾನ್ ಮಾಡಿಸಿಕೊಳ್ಳುವ ಸೋಲಾರಿಯಂಗಳನ್ನು ರಾಜ್ಯಗಳು ಎಂದೋ ನಿಷೇಧಿಸಿದವು. ಟ್ಯಾನ್ ಆಸೆ ಮಾತ್ರ ಹೋಗಿಲ್ಲ, ಬೀಚಿನಲ್ಲಿ ಮೈಚಾಚಿದವರನ್ನು ನೋಡಿ. ನಮ್ಮ ಮನೆಗಳಲ್ಲಿ ಉಲ್ಟಾ: ‘ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ’. ಎರಡೂ ಬಣ್ಣದ ಗೀಳೇ. ಹರೆಯದವರಿಗೆ ಅದರ ಬದಲು ಯುವಿ ಅಂಕ (ಬಿಸಿಲಿನ ಅತಿನೇರಳೆ ಕಿರಣದ ತೀವ್ರತೆ) ನೋಡುವುದನ್ನು ಕಲಿಸಿ. ಹವಾಮಾನ ಇಲಾಖೆಯ ಆ್ಯಪ್‌ನಲ್ಲೂ ಸನ್‌ಸ್ಮಾರ್ಟ್ ಆ್ಯಪ್‌ನಲ್ಲೂ ದಿನಾ ಸಿಗುತ್ತದೆ. 3 ಮುಟ್ಟಿದರೆ ರಕ್ಷಣೆ ಬೇಕು. ಸೆಖೆಗೂ ಈ ಅಂಕಕ್ಕೂ ಸಂಬಂಧವಿಲ್ಲ. ರಾಯಚೂರಿನ ಬಿಸಿಲು ಕಂಡವರು ಮೆಲ್ಬರ್ನಿನ ತಣ್ಣನೆ ಗಾಳಿಗೆ ‘ಇದೂ ಒಂದು ಬಿಸಿಲೇ’ ಎನ್ನುತ್ತಾರಲ್ಲ, ಎಡವುವುದು ಅಲ್ಲೇ.

ನಮ್ಮ ಚರ್ಮಕ್ಕೂ ಇದೆಲ್ಲ ಬೇಕೇ? ಬಿಳಿಯರಷ್ಟು ಅಪಾಯ ನಮಗಿಲ್ಲ, ನಿಜ. ಇಲ್ಲಿನ ತಜ್ಞರ ಸಲಹೆಯೂ ಮೈಬಣ್ಣ ನೋಡಿಯೇ ಬದಲಾಗುತ್ತದೆ. ಕಡುಗಪ್ಪು ಮೈಯವರು ದಿನಾ ಸನ್‌ಸ್ಕ್ರೀನ್ ಹಚ್ಚಬೇಕಿಲ್ಲ, ಬಹಳ ಹೊತ್ತು ಹೊರಗಿರುವಾಗ ಹಚ್ಚಿದರೆ ಸಾಕು. ಅವರಿಗೆ ವಿಟಮಿನ್ ಡಿ ಕೊರತೆಯ ಚಿಂತೆಯೇ ಹೆಚ್ಚು. ಗೋಧಿ ಬಣ್ಣದವರು ಯುವಿ 3 ಮುಟ್ಟುವ ದಿನಗಳಲ್ಲಿ ಹಚ್ಚುವುದೇ ಒಳ್ಳೆಯದು. ಆದರೆ ಅಂಗೈ, ಅಂಗಾಲು, ಉಗುರಿನಡಿ ಬರುವ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಬಿಸಿಲಿನ ಹಂಗಿಲ್ಲ. ಕಪ್ಪು ಚರ್ಮದವರಲ್ಲಿ ಅದು ಬಹಳ ಸಲ ತಡವಾಗಿ ಪತ್ತೆಯಾಗುತ್ತದೆ, ಯಾರೂ ಅಲ್ಲಿ ನೋಡುವುದಿಲ್ಲವಾದ್ದರಿಂದ.

ಕರುಳಿನ ಕ್ಯಾನ್ಸರಿಗಿರುವಂತೆ ಚರ್ಮಕ್ಕೆ ಇಂತಿಷ್ಟು ವಯಸ್ಸಿನವರನ್ನೆಲ್ಲ ಕರೆದು ಪರೀಕ್ಷಿಸುವ ಸರ್ಕಾರಿ ಯೋಜನೆ ಇಲ್ಲಿಲ್ಲ. ಮಚ್ಚೆಯ ಆಕಾರ, ಬಣ್ಣ ಬದಲಾದರೆ, ಗಾಯ ಮಾಯದಿದ್ದರೆ ನೀವೇ ಜಿಪಿ (ಸಾಮಾನ್ಯ ವೈದ್ಯರು) ಬಳಿ ಹೋಗಬೇಕು. ಖರ್ಚಿಗೆ ಪಿಆರ್ (ಕಾಯಂ ವಾಸದ ವೀಸಾ) ಆದವರಿಗೆ ಸರ್ಕಾರದ ಮೆಡಿಕೇರ್, ವಿದೇಶಿ ವಿದ್ಯಾರ್ಥಿಗಳಿಗೆ ಓಎಸ್‌ಎಚ್‌ಸಿ ಎಂಬ ಆರೋಗ್ಯ ವಿಮೆ. ಕೈಯಿಂದ ಎಷ್ಟು ಹಾಕಬೇಕೆಂದು ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ. ಚರ್ಮತಜ್ಞರನ್ನು ಕಾಣಲು ಜಿಪಿಯ ರೆಫರಲ್ ಪತ್ರ ಬೇಕು. ಸ್ಕಿನ್ ಕ್ಲಿನಿಕ್ಕಿಗೆ ನೇರ ಹೋಗಬಹುದು, ಆದರೆ ಅಲ್ಲಿ ನೋಡುವವರು ಹೆಚ್ಚಾಗಿ ಜಿಪಿಗಳೇ, ಚರ್ಮತಜ್ಞರಲ್ಲ.

ಸನ್‌ಸ್ಕ್ರೀನನ್ನು ಇಲ್ಲಿ ಔಷಧಿಯಂತೆಯೇ ಸರ್ಕಾರದ ಔಷಧ ಸಂಸ್ಥೆ ಟಿಜಿಎ ನಿಯಂತ್ರಿಸುತ್ತದೆ. ಹಾಗಿದ್ದೂ 2025ರಲ್ಲಿ ‘ಚಾಯ್ಸ್’ ಗ್ರಾಹಕ ಸಂಸ್ಥೆ ಪರೀಕ್ಷಿಸಿದ 20ರಲ್ಲಿ 16 ಲೇಬಲ್ಲಿನ ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಂಕ) ಮುಟ್ಟಲಿಲ್ಲ. ಟೋಪಿ, ತುಂಬುತೋಳನ್ನು ಮೊದಲು ನಂಬಿ. ಕ್ರೀಮನ್ನು ಹೊರಡುವ 20 ನಿಮಿಷ ಮೊದಲು, ಆಮೇಲೆ ಎರಡು ಗಂಟೆಗೊಮ್ಮೆ ಧಾರಾಳವಾಗಿ ಬಳಿಯಿರಿ. ಸೈಕಲ್ಲಿನಲ್ಲಿ ಊಟ ತಲುಪಿಸುವ, ತೋಟದಲ್ಲಿ ಹಣ್ಣು ಕೀಳುವ ಹುಡುಗರು ಸನ್‌ಸ್ಕ್ರೀನ್, ಟೋಪಿಯ ರಸೀದಿ ಇಟ್ಟುಕೊಳ್ಳಿ. ಬಿಸಿಲಲ್ಲಿ ದುಡಿಯುವವರು ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದು.