ಕುಂಡಲಿನಿ, ರೋಗನಿರ್ಣಯ ಮತ್ತು ರಾತ್ರಿಯ ನಿದ್ರೆ: ನನ್ನ ಅನುಭವ

ಬೆನ್ನುಮೂಳೆಯ ಬುಡದಲ್ಲಿ ಸುಪ್ತವಾಗಿರುತ್ತದೆಂದು ಯೋಗಪರಂಪರೆ ಹೇಳುವ ಶಕ್ತಿಯಾದ ಕುಂಡಲಿನಿಯ ಜಾಗೃತಿಯ ಲಕ್ಷಣಗಳೆಂದು ಸಾಧಕರು ಹೇಳುವ ಬಹುಪಾಲು ಸಂಗತಿಗಳು ನನ್ನ ದೇಹದಲ್ಲಿ ನಡೆದಿವೆ. ಉನ್ಮಾದ (ಮಿತಿಮೀರಿದ ಉತ್ಸಾಹ) ಮತ್ತು ಖಿನ್ನತೆಗಳ ನಡುವೆ ಮನಸ್ಸು ಓಲಾಡುವ ಬೈಪೋಲಾರ್ ಕಾಯಿಲೆಯಲ್ಲಿ ಉನ್ಮಾದದ ಲಕ್ಷಣಗಳೆಂದು ವೈದ್ಯರು ಗುರುತಿಸುವ ಬಹುಪಾಲು ಸಂಗತಿಗಳೂ ಅದೇ ಅವಧಿಯಲ್ಲಿ ನಡೆದಿವೆ. ಇವೆರಡರಲ್ಲಿ ಯಾವುದು ನಿಜ ಎಂಬುದನ್ನು ನಾನು ಇನ್ನೂ ತೀರ್ಮಾನಿಸಿಲ್ಲ, ತೀರ್ಮಾನಿಸುವ ಅವಸರವೂ ಈಗ ನನಗಿಲ್ಲ. ಅದನ್ನು ಬಗೆಹರಿಸಿಕೊಳ್ಳದೆಯೇ ಔಷಧ ತೆಗೆದುಕೊಳ್ಳುವುದು, ಕೆಲಸಕ್ಕೆ ಹೋಗುವುದು, ಮನೆಯವರೊಡನೆ ಹೊಂದಿಕೊಂಡು ಬಾಳುವುದು, ಮಿತವಾಗಿ ಸಾಧನೆಯನ್ನೂ ಉಳಿಸಿಕೊಳ್ಳುವುದು ಹೇಗೆ ಸಾಧ್ಯವಾಯಿತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಭಸ್ತ್ರಿಕಾ (ತಿದಿಯಂತೆ ರಭಸವಾಗಿ ಉಸಿರಾಡುವುದು) ಮತ್ತು ದೀರ್ಘ ಕುಂಭಕವನ್ನು (ಉಸಿರು ಹಿಡಿದಿಡುವುದು) ಅಭ್ಯಾಸ ಮಾಡುತ್ತಿದ್ದೆ. ಸೂರ್ಯೋದಯಕ್ಕೆ ಮುಂಚಿನ ಬ್ರಾಹ್ಮೀ ಮುಹೂರ್ತಕ್ಕೆ ಏಳುತ್ತಿದ್ದೆನಾದರೂ ರಾತ್ರಿ ಬೇಗ ಮಲಗುತ್ತಿರಲಿಲ್ಲ. ಮೊದಲು ಬೆನ್ನುಮೂಳೆಯ ಬುಡದಲ್ಲಿ ಬಿಸಿ, ಆಮೇಲೆ ಬೆನ್ನಿನುದ್ದಕ್ಕೂ ಹರಿದಾಡುವ ಕಂಪನ, ಕುಳಿತಲ್ಲೇ ದೇಹ ತಾನಾಗಿ ತೂಗುವುದು, ಮುಚ್ಚಿದ ಕಣ್ಣಿನೊಳಗೆ ಬೆಳಕು, ಕಿವಿಯೊಳಗೆ ನಿಲ್ಲದ ನಾದ. ಇವುಗಳಲ್ಲಿ ಯಾವುದೂ ನನಗೆ ತೊಂದರೆ ಕೊಡಲಿಲ್ಲ. ತೊಂದರೆ ಶುರುವಾದದ್ದು ನಿದ್ರೆ ಬೇಡವೆನಿಸತೊಡಗಿದ ಮೇಲೆ. ರಾತ್ರಿಯೆಲ್ಲ ಎಚ್ಚರವಿದ್ದರೂ ಬೆಳಿಗ್ಗೆ ದಣಿವಿರಲಿಲ್ಲ, ಮಾತಿನ ವೇಗಕ್ಕೆ ಎದುರಿಗಿದ್ದವರು ಬೆರಗಾಗುತ್ತಿದ್ದರು, ರಸ್ತೆಯ ಫಲಕಗಳಲ್ಲಿಯೂ ಅಪರಿಚಿತರ ಮಾತಿನ ತುಣುಕುಗಳಲ್ಲಿಯೂ ನನಗೆಂದೇ ಕಳುಹಿಸಿದ ಸೂಚನೆಗಳು ಕಾಣತೊಡಗಿದವು. ಉಳಿಸಿದ ಹಣವನ್ನು ಹಂಚಿಬಿಡಬೇಕೆಂಬ ತೀರ್ಮಾನಕ್ಕೆ ಬಂದಾಗ ಅಕ್ಕ ನನ್ನನ್ನು ಮನೋವೈದ್ಯರ ಬಳಿಗೆ ಕರೆದೊಯ್ದಳು. ಅಷ್ಟರಲ್ಲಿ ಆನಂದ ಹೋಗಿ ಭಯ ಉಳಿದಿತ್ತು.

ವೈದ್ಯರು ಕುಂಡಲಿನಿಯ ವಿಚಾರವನ್ನು ಅಲ್ಲಗಳೆಯಲೂ ಇಲ್ಲ, ಒಪ್ಪಲೂ ಇಲ್ಲ. ಎಷ್ಟು ಹೊತ್ತು ಮಲಗುತ್ತೀರಿ, ಮನೆತನದಲ್ಲಿ ಯಾರಿಗಾದರೂ ಇಂಥದ್ದು ಆಗಿತ್ತೇ, ಹೀಗೆ ಮಾಡು ಎಂದು ಆಜ್ಞಾಪಿಸುವ ಧ್ವನಿ ಕೇಳಿಸುತ್ತದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ಒಂದೊಂದಾಗಿ ಕೇಳಿದರು. ಥೈರಾಯ್ಡ್ ಹೆಚ್ಚಾದರೂ ಮನಸ್ಸು ಹೀಗೆ ಓಡಬಲ್ಲದು, ಮೆದುಳಿನ ಪಾರ್ಶ್ವಭಾಗದಿಂದ ಹುಟ್ಟುವ ಒಂದು ಬಗೆಯ ಮೂರ್ಛೆರೋಗದಲ್ಲಿಯೂ ದೈವೀ ಅನುಭವದಂಥ ಗಳಿಗೆಗಳು ಬರಬಲ್ಲವು ಎಂದು ವಿವರಿಸಿ ರಕ್ತಪರೀಕ್ಷೆ ಮತ್ತು ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಮಾಡಿಸಿದರು. ಎರಡೂ ಸರಿಯಾಗಿದ್ದವು. ಮನೋವಿಕಾರದ (ವಾಸ್ತವದ ಅರಿವು ತಪ್ಪುವ) ಲಕ್ಷಣಗಳಿರುವ ಉನ್ಮಾದ, ಬೈಪೋಲಾರ್ ಕಾಯಿಲೆಯ ಮೊದಲ ವಿಧ ಎಂದು ಬರೆದರು.

ವೈದ್ಯರೊಡನೆ ಮಾತನಾಡುವುದನ್ನು ನಾನು ಕಲಿಯಬೇಕಾಯಿತು ಎಂಬುದು ಸುಳ್ಳಲ್ಲ. ‘ಶಕ್ತಿ ಅನಾಹತದಲ್ಲಿ (ಎದೆಯ ಚಕ್ರದಲ್ಲಿ) ತಡೆದು ನಿಂತಿದೆ’ ಎಂದರೆ ಅವರಿಗೆ ಉಪಯೋಗವಿಲ್ಲ. ಎದೆಯಲ್ಲಿ ಒತ್ತಡ, ಮಲಗಿದಾಗ ಹೆಚ್ಚು, ಅರ್ಧ ಗಂಟೆ ಇರುತ್ತದೆ, ಉಸಿರು ನಿಧಾನಿಸಿದರೆ ಕಡಿಮೆಯಾಗುತ್ತದೆ ಎಂದರೆ ಉಪಯೋಗವಿದೆ. ಹೀಗಾಗಿ ಒಂದು ಪುಸ್ತಕದಲ್ಲಿ ಎಡಗಡೆ ದೇಹದ ಭಾಷೆಯಲ್ಲಿ ನಡೆದದ್ದನ್ನು, ಬಲಗಡೆ ಅದು ನನಗೆ ಏನೆಂದು ತೋರಿತೋ ಅದನ್ನು ಬರೆಯತೊಡಗಿದೆ. ಎಡಗಡೆಯ ಬರಹ ವೈದ್ಯರಿಗೆ, ಬಲಗಡೆಯದು ನನ್ನ ಗುರುಗಳಿಗೆ. ಈ ವಿಂಗಡಣೆಯಿಂದಲೇ ಕೆಲವು ಗೋಜಲುಗಳು ಬಿಡಿಸಿಕೊಂಡವು. ಬೆರಳ ತುದಿಯಲ್ಲಿಯೂ ತುಟಿಯ ಸುತ್ತಲೂ ಆಗುತ್ತಿದ್ದ ಜುಮ್ಮೆನ್ನುವಿಕೆಯನ್ನು ನಾನು ಪ್ರಾಣಸಂಚಾರವೆಂದು ಬರೆದಿದ್ದೆ. ವೇಗವಾಗಿ ಆಳವಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಯಾರಿಗಾದರೂ ಹಾಗಾಗುತ್ತದೆ ಎಂದು ತಿಳಿದಾಗ ಆ ಒಂದು ಸಾಲಿನ ವಿಷಯದಲ್ಲಿ ವಾದಕ್ಕೆ ಏನೂ ಉಳಿಯಲಿಲ್ಲ. ಉಳಿದ ಸಾಲುಗಳು ಹಾಗೆಯೇ ಇವೆ.

ಇಂಥ ಅನುಭವಗಳನ್ನು ಕಾಯಿಲೆಯೆಂದು ಕರೆಯಬಾರದೆಂಬ ವಾದ ಹೊಸದೇನಲ್ಲ. ಕಾಶ್ಮೀರದ ಗೋಪಿಕೃಷ್ಣರು 1937ರಲ್ಲಿ ಧ್ಯಾನದಲ್ಲಿದ್ದಾಗ ಆದ ಅನುಭವವನ್ನೂ, ಅದರ ನಂತರ ವರ್ಷಗಟ್ಟಲೆ ಪಟ್ಟ ಯಾತನೆಯನ್ನೂ ಬರೆದಿಟ್ಟರು. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯಲ್ಲಿ ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ ಎಂಬ ವರ್ಗವನ್ನು ಸೇರಿಸಲಾಯಿತು. ಅದು ಕಾಯಿಲೆಗಳ ಸಾಲಿಗೆ ಸೇರಿದ್ದಲ್ಲ. ಇದನ್ನು ಓದಿದ ಹೊಸತರಲ್ಲಿ ನನಗೆ ದೊಡ್ಡ ಆಸರೆ ಸಿಕ್ಕಂತಾಗಿತ್ತು. ಆದರೆ ಆ ವರ್ಗ ಇರುವುದರಿಂದ ನನ್ನ ಉನ್ಮಾದ ಇಲ್ಲವಾಗುವುದಿಲ್ಲ, ಒಬ್ಬರಲ್ಲಿಯೇ ಎರಡೂ ಇರಬಹುದು. ಪತಂಜಲಿಯೇ ಯೋಗಸೂತ್ರದಲ್ಲಿ ಯೋಗದ ಅಂತರಾಯಗಳನ್ನು (ಅಡ್ಡಿಗಳನ್ನು) ಎಣಿಸುವಾಗ ವ್ಯಾಧಿಯನ್ನು ಮೊದಲಿಗೆ ಇಟ್ಟು, ಮುಂದೆ ಭ್ರಾಂತಿದರ್ಶನವನ್ನೂ (ತಪ್ಪು ಗ್ರಹಿಕೆಯನ್ನೂ) ಸೇರಿಸಿ, ಅವುಗಳ ಜೊತೆಗೆ ಬರುವ ಲಕ್ಷಣಗಳಲ್ಲಿ ಅಂಗಾಂಗಗಳ ನಡುಕವನ್ನೂ ಉಸಿರಿನ ಏರುಪೇರನ್ನೂ ಹೇಳಿದ್ದಾನೆ. ಸಾಧಕನಿಗೆ ಕಾಯಿಲೆ ಬರಲಾರದು ಎಂದು ನಂಬಿಸುವವರು ಈ ಎರಡು ಸೂತ್ರಗಳನ್ನು ಓದಿಲ್ಲವೆಂದೇ ನನಗೆ ಅನಿಸುತ್ತದೆ.

ದಿನನಿತ್ಯದಲ್ಲಿ ನಾನು ನೆಚ್ಚಿರುವ ಅಳತೆಗೋಲು ಒಂದೇ, ಅದು ನಿದ್ರೆ. ಆನಂದ ಬಂದರೆ ಬರಲಿ, ಬೆನ್ನಿನಲ್ಲಿ ಕಂಪನ ಬಂದರೂ ಬರಲಿ; ರಾತ್ರಿ ಎಂದಿನಷ್ಟು ನಿದ್ರೆಯಾಗಿದ್ದರೆ ಅವುಗಳ ಬಗ್ಗೆ ಏನೂ ಮಾಡುವುದಿಲ್ಲ. ನಿದ್ರೆ ಕಡಿಮೆಯಾಗಿಯೂ ಮರುದಿನ ದಣಿವು ಕಾಣದಿದ್ದರೆ ಮಾತ್ರ, ಮನಸ್ಸು ಎಷ್ಟೇ ತಿಳಿಯಾಗಿದೆಯೆನಿಸಿದರೂ, ಅಂದೇ ಅಕ್ಕನಿಗೆ ಹೇಳುತ್ತೇನೆ. ಎರಡನೆಯ ರಾತ್ರಿಯೂ ಹಾಗೆಯೇ ಆದರೆ ವೈದ್ಯರಿಗೆ ಕರೆ ಹೋಗುತ್ತದೆ. ನಿದ್ರೆ ಬಾರದೆ ಮರುದಿನ ಬಸವಳಿಯುವುದು ಬೇರೆ, ನಿದ್ರೆಯೇ ಬೇಡವಾಗುವುದು ಬೇರೆ; ಎರಡನೆಯದೇ ನನ್ನ ಅಪಾಯದ ಗುರುತು. ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರವಿರುವವನಿಗೂ ಯೋಗವಿಲ್ಲವೆಂದು ಗೀತೆಯ ಆರನೇ ಅಧ್ಯಾಯವೇ ಹೇಳುವುದರಿಂದ ಬ್ರಾಹ್ಮೀ ಮುಹೂರ್ತವನ್ನು ಬಿಟ್ಟಿದ್ದಕ್ಕೆ ನನಗೆ ಸಂಕೋಚವಿಲ್ಲ.

ಔಷಧದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಸಾಧಕರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ಮೊದಲು ಕೊಟ್ಟ ಮನೋವಿಕಾರದ ಮಾತ್ರೆಯಿಂದ ಕುಳಿತಲ್ಲಿ ಕೂರಲಾಗದಂಥ ಚಡಪಡಿಕೆ ಕಾಲುಗಳಲ್ಲಿ ಶುರುವಾಯಿತು. ಔಷಧವು ಶಕ್ತಿಯನ್ನು ತಡೆಯುತ್ತಿರುವುದರಿಂದ ಹೀಗಾಗುತ್ತಿದೆ ಎಂದು ಜೊತೆಯ ಸಾಧಕರೊಬ್ಬರು ಹೇಳಿದರು. ಅಕಥೀಸಿಯಾ ಎಂಬ ಸಾಮಾನ್ಯ ಅಡ್ಡಪರಿಣಾಮವಿದು ಎಂದು ವೈದ್ಯರು ಗುರುತಿಸಿ ಪ್ರಮಾಣ ಇಳಿಸಿದರು, ಚಡಪಡಿಕೆ ಹೋಯಿತು. ಈಗ ಇರುವುದು ಮುಖ್ಯವಾಗಿ ಮನಸ್ಸಿನ ಏರಿಳಿತವನ್ನು ಹದದಲ್ಲಿಡುವ ಲಿಥಿಯಂ. ಇದರ ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಕಿರಿದು. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇಡುತ್ತಾರೆ, ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ತೆಗೆಯುತ್ತಾರೆ, ಮೂತ್ರಪಿಂಡವನ್ನೂ ಥೈರಾಯ್ಡನ್ನೂ ಆಗಾಗ ಪರೀಕ್ಷಿಸುತ್ತಾರೆ. ಉಪವಾಸ, ಉಪ್ಪು ಬಿಡುವ ವ್ರತ, ಬೆವರಿಳಿಸುವ ಅಭ್ಯಾಸ, ವಾಂತಿಭೇದಿ ಇವೆಲ್ಲ ಲಿಥಿಯಂ ಮಟ್ಟವನ್ನು ಏರಿಸಬಲ್ಲವು. ಐಬುಪ್ರೊಫೇನ್‌ನಂಥ ನೋವುನಿವಾರಕಗಳೂ ಅಷ್ಟೇ. ಆದ್ದರಿಂದ ನೀರು ಕುಡಿದು ವಾಂತಿ ಮಾಡುವ ಜಲಧೌತಿಯಂಥ ಶುದ್ಧಿಕ್ರಿಯೆಗಳನ್ನೂ ನಿರ್ಜಲ ಉಪವಾಸವನ್ನೂ ನಾನು ಪೂರ್ತಿಯಾಗಿ ಕೈಬಿಟ್ಟೆ. ಕೈಬೆರಳುಗಳ ಸಣ್ಣ ನಡುಕ ನನಗೆ ಈಗಲೂ ಇದೆ, ಅದು ಸಾಮಾನ್ಯ. ನಡುಕ ದೊಡ್ಡದಾಗಿ, ನಡಿಗೆ ತೂರಾಡಿ, ಮಾತು ತೊದಲಿ, ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ಮನೆಯವರೆಲ್ಲರಿಗೂ ತಿಳಿಸಿಟ್ಟಿದ್ದೇನೆ. ಪ್ರಮಾಣ ಕಡಿಮೆ ಮಾಡುವ ಮಾತು ಬಂದರೆ ಅದು ವೈದ್ಯರೆದುರಿಗೇ ಬರಬೇಕು. ಲಿಥಿಯಂ ಅನ್ನು ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಸಾಧ್ಯತೆ ಹೆಚ್ಚು.

ಉನ್ಮಾದಕ್ಕಿಂತ ಅದರ ಬೆನ್ನಿಗೆ ಬಂದ ಖಿನ್ನತೆಯೇ ನನ್ನ ಬದುಕಿನ ಹೆಚ್ಚು ಕಾಲವನ್ನು ನುಂಗಿತು. ಹಿಂದಿನ ಬೆಳಕೆಲ್ಲ ಹುಸಿಯಾಗಿತ್ತೇ ಎಂಬ ಗುಮಾನಿ, ಹಲ್ಲುಜ್ಜುವುದೂ ಭಾರವೆನಿಸುವ ಬೆಳಗುಗಳು. ಇದು ಶುದ್ಧೀಕರಣದ ಹಂತ, ಸಹಿಸಿಕೋ ಎಂದವರಿದ್ದರು. ನಾನು ಹಾಗೆ ಸಹಿಸಲಿಲ್ಲ, ವೈದ್ಯರಿಗೆ ಹೇಳಿದೆ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದೆಂದು ಅವರು ಬೇರೆ ದಾರಿ ಹಿಡಿದರು. ಸಾಯುವ ಯೋಚನೆ ಬಂದ ದಿನ ಅದಕ್ಕೆ ದೇಹಾಭಿಮಾನದ ನಾಶವೆಂದೋ ವೈರಾಗ್ಯವೆಂದೋ ಅರ್ಥ ಹಚ್ಚದೆ ಅಂದೇ ಬಾಯಿಬಿಟ್ಟು ಹೇಳಿದೆ, ಆ ರಾತ್ರಿ ಅಕ್ಕ ನನ್ನ ಜೊತೆಗೇ ಮಲಗಿದಳು. ಆ ದಿನಗಳಲ್ಲಿ ಧ್ಯಾನ ಮಾಡಲಿಲ್ಲ. ಕಣ್ಣುಮುಚ್ಚಿ ಕುಳಿತರೆ ಮನಸ್ಸು ಇನ್ನಷ್ಟು ಕೆಳಗಿಳಿಯುತ್ತಿತ್ತು. ನಿಗದಿತ ಹೊತ್ತಿಗೆ ಏಳುವುದು, ಸ್ನಾನ, ಊಟ, ಬಿಸಿಲಿನಲ್ಲಿ ನಡಿಗೆ, ಪಾತ್ರೆ ತೊಳೆಯುವುದು ಇಷ್ಟೇ ಇತ್ತು ದಿನಚರಿ.

ಚೆನ್ನಾಗಿದ್ದ ಕಾಲದಲ್ಲಿ ಅಕ್ಕನೂ ನಾನೂ ಕುಳಿತು ಒಂದು ಒಡಂಬಡಿಕೆ ಬರೆದುಕೊಂಡೆವು. ನಿದ್ರೆ ತಪ್ಪಿದ ಗುರುತು ಕಂಡರೆ ನನ್ನ ಬ್ಯಾಂಕ್ ಕಾರ್ಡು ಅವಳ ಕೈಯಲ್ಲಿರುತ್ತದೆ, ದೊಡ್ಡ ತೀರ್ಮಾನಗಳು ಒಂದು ವಾರ ಮುಂದಕ್ಕೆ ಹೋಗುತ್ತವೆ, ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಯಾವ ಔಷಧ ನನಗೆ ಒಗ್ಗುವುದಿಲ್ಲ ಎಂಬುದೂ ಅದರಲ್ಲಿದೆ. ಅವಳು ಒಂದು ಷರತ್ತು ಹಾಕಿದಳು: ಎಚ್ಚರಿಸಿದಾಗ ನಿನಗೆ ಅಧ್ಯಾತ್ಮ ತಿಳಿಯದು ಎನ್ನಬಾರದು. ನಾನೂ ಒಂದು ಹಾಕಿದೆ: ನಾನು ಜೋರಾಗಿ ನಕ್ಕಾಗಲೆಲ್ಲ ಮಾತ್ರೆ ನುಂಗಿದೆಯಾ ಎಂದು ಕೇಳಬಾರದು. ಈ ಎರಡನೆಯದನ್ನು ಪಾಲಿಸುವುದು ಅವಳಿಗೆ ಕಷ್ಟವಾಗಿದೆ. ಕೆಲಸದ ಸ್ಥಳದಲ್ಲಿ ಕಾಯಿಲೆಯ ಹೆಸರು ಹೇಳಿಲ್ಲ; ಆರೋಗ್ಯದ ಕಾರಣಕ್ಕೆ ರಾತ್ರಿ ಪಾಳಿ ಮಾಡಲಾರೆ ಎಂಬ ವೈದ್ಯರ ಪತ್ರ ಕೊಟ್ಟಿದ್ದೇನೆ, ಅದು ಸಾಕಾಗಿದೆ.

ಸಾಧನೆಗೆ ಮರಳಿದ್ದು ಗುರುಗಳ ಮತ್ತು ವೈದ್ಯರ ಒಪ್ಪಿಗೆಯಿಂದ, ಬಹಳ ನಿಧಾನವಾಗಿ. ಕುಂಭಕ, ಭಸ್ತ್ರಿಕಾ, ದೀರ್ಘ ಮೌನ ಶಿಬಿರ, ಒಂಟಿಯಾಗಿ ಗಂಟೆಗಟ್ಟಲೆ ಧ್ಯಾನ ಯಾವುದೂ ಇಲ್ಲ. ನಿಂತು ಮಾಡುವ ಆಸನಗಳು, ಹೊರಬಿಡುವ ಉಸಿರನ್ನು ಕೊಂಚ ನೀಳವಾಗಿಸುವುದು, ಕಣ್ಣು ತೆರೆದು ಸ್ವಲ್ಪ ಹೊತ್ತು ಜಪ, ಅದೂ ಹಗಲಿನಲ್ಲಿ. ಯುಕ್ತ ಪ್ರಾಣಾಯಾಮದಿಂದ ರೋಗ ನಾಶವಾದರೆ ಅಯುಕ್ತ ಅಭ್ಯಾಸದಿಂದ ಎಲ್ಲ ರೋಗಗಳೂ ಹುಟ್ಟುತ್ತವೆ ಎಂದು ಹಠಯೋಗ ಪ್ರದೀಪಿಕೆ ಹೇಳುವುದನ್ನು ಗುರುಗಳೇ ತೋರಿಸಿ, ನಿನ್ನ ಪಾಲಿಗೆ ಯುಕ್ತವಾದದ್ದು ಇಷ್ಟೇ ಎಂದರು. ಜಪದ ನಡುವೆ ಬೆನ್ನಿನ ಬುಡದಲ್ಲಿ ಆ ಬಿಸಿ ಈಗಲೂ ಒಮ್ಮೊಮ್ಮೆ ಏಳುತ್ತದೆ. ಜಪ ನಿಲ್ಲಿಸಿ, ಪುಸ್ತಕದ ಎರಡೂ ಬದಿಯಲ್ಲಿ ಒಂದೊಂದು ಸಾಲು ಬರೆದು, ಕೆಲಸಕ್ಕೆ ಹೊರಡುತ್ತೇನೆ. ರಾತ್ರಿ ಹೇಗೆ ಮಲಗಿದೆನೆಂಬುದನ್ನು ಮರುದಿನ ಅದರ ಕೆಳಗೆ ಸೇರಿಸುತ್ತೇನೆ.